ಕಡಲಿಗೆ ದಡ ಸಾಲ ಸಿಕ್ಕಿದ ಕಥೆ

ಮುಂಬಯಿಯಲ್ಲಿ ನೆಲ ಹುಟ್ಟಿದ ಇಸವಿ ಸಿಗುತ್ತದೆ. ವರಳಿಗೂ ಮಹಾಲಕ್ಷ್ಮಿಗೂ ನಡುವೆ ಕಡಲು ಒಳನುಗ್ಗುತ್ತಿದ್ದ ಕಂಡಿಗೆ ಕಟ್ಟೆ ಕಟ್ಟಿ ಮುಗಿದದ್ದು 1784ರ ಹೊತ್ತಿಗೆ. ಮಾಹೀಮಿನಿಂದ ಬಾಂದ್ರಾಕ್ಕೆ ಕಾಲು ಒದ್ದೆಯಾಗದೆ ಹೋಗಲು ದಾರಿಯಾದದ್ದು 1845ರಲ್ಲಿ. ಕೋಸ್ಟಲ್ ರೋಡಿನ ಕೆಳಗಿರುವ ನೆಲವಂತೂ ನಮ್ಮ ಕಣ್ಣೆದುರೇ ಬೆಳೆಯಿತು. ಅದರ ಮೊದಲ ಭಾಗ 2024ರಲ್ಲಿ ತೆರೆದಾಗ ಕಾರು ಓಡಿಸಿದವರು, ಕೆಲವು ವರ್ಷ ಹಿಂದೆ ಅಲ್ಲಿ ತೆರೆ ಬಡಿಯುತ್ತಿದ್ದುದನ್ನು ನೋಡಿದವರೇ. ಊರಿನ ದೇವಸ್ಥಾನದ ಸ್ಥಳಪುರಾಣ ಕೇಳಿ ಬೆಳೆದ ನಮ್ಮಂಥವರಿಗೆ ಇದು ವಿಚಿತ್ರ. ನಮ್ಮ ಕರಾವಳಿಯ ಕಡೆ ನೆಲ ಯಾವಾಗ ಹುಟ್ಟಿತು ಎಂದು ಕೇಳಿದರೆ ‘ಪರಶುರಾಮ ಕೊಡಲಿ ಎಸೆದಾಗ’ ಎನ್ನುತ್ತಾರೆ. ಇಲ್ಲಿ ಕೇಳಿದರೆ ಟೆಂಡರ್ ತೋರಿಸುತ್ತಾರೆ.

ಮುಂಬಯಿಯ ಕನ್ನಡ ಮಕ್ಕಳಿಗೆ ಒಂದು ಸೃಷ್ಟಿಕಥೆ ಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಅಂಧೇರಿಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಕಥೆ ಹೇಳುತ್ತೇನೆ. ಎಲ್ಲರ ಮನೆಯಲ್ಲೂ ಕನ್ನಡವೋ ತುಳುವೋ ಇದೆ. ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಇವರಿಗೆ ಪರಶುರಾಮನ ಕಥೆ ಹೇಳಿದರೆ ಅದು ಅಜ್ಜಿಯ ಊರಿನ ಕಥೆಯಾಗಿಬಿಡುತ್ತದೆ. ಇವರು ಆಡುವುದು ಈ ನೆಲದ ಮೇಲೆ. ಈ ನೆಲ ಹೇಗೆ ಬಂತು, ಇದರ ಮೇಲೆ ನಿಲ್ಲಲು ನಮಗೇನು ಹಕ್ಕು ಎಂದು ಹೇಳುವ ಕಥೆ ಇವರಿಗೆ ಬೇಡವೇ?

ಹೊಸದಾಗಿ ಪುರಾಣ ಕಟ್ಟುವುದು ಅಧಿಕಪ್ರಸಂಗ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಊರು ಇನ್ನೂರೈವತ್ತು ವರ್ಷದೊಳಗೇ ಒಂದನ್ನು ಕಟ್ಟಿಕೊಂಡಿದೆ. ಆಗಲೇ ಹೇಳಿದ ವರಳಿಯ ಕಟ್ಟೆ, ಹಾರ್ನ್‌ಬಿ ವೆಲಾರ್ಡ್, ಕಟ್ಟಿದಷ್ಟೂ ಕುಸಿಯುತ್ತಿತ್ತಂತೆ. ಕೆಲಸದ ಉಸ್ತುವಾರಿಯಲ್ಲಿದ್ದ ಪಾಠಾರೆ ಪ್ರಭು ಎಂಜಿನಿಯರ್ ರಾಮ್‌ಜಿ ಶಿವ್‌ಜಿ ಅವರ ಕನಸಿನಲ್ಲಿ ದೇವಿ ಬಂದಳು. ನಾನು ನೀರಿನಡಿಯಲ್ಲಿದ್ದೇನೆ, ನನ್ನನ್ನು ಮೇಲಕ್ಕೆತ್ತಿ ಕೂರಿಸು, ಆಮೇಲೆ ಗೋಡೆ ನಿಲ್ಲುತ್ತದೆ ಎಂದಳು. ಬಲೆ ಬೀಸಿ ಹುಡುಕಿದರು, ಮೂರ್ತಿಗಳು ಸಿಕ್ಕವು, ಕಟ್ಟೆ ನಿಂತಿತು. ಇವತ್ತು ಮಹಾಲಕ್ಷ್ಮಿ ದೇವಸ್ಥಾನದಲ್ಲಿ ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿಯರಿಗೆ ಹೂ ಕೊಡುವ ಎಷ್ಟು ಜನಕ್ಕೆ ಇದು ಒಂದು ಸಿವಿಲ್ ಕಾಮಗಾರಿಯ ಕಥೆ ಎಂದು ನೆನಪಿರುತ್ತದೆ? ಗವರ್ನರ್ ಹಾರ್ನ್‌ಬಿ ಇದ್ದಾನೆ, ಎಂಜಿನಿಯರ್ ಇದ್ದಾನೆ, ಇಸವಿ ಇದೆ. ಆದರೂ ಅದು ಪುರಾಣವೇ.

ಕನ್ನಡದಲ್ಲೂ ಹಾಡುವವರು ಗ್ರಂಥದ ಅಪ್ಪಣೆಗೆ ಕಾದವರಲ್ಲ. ಮೈಸೂರು ಸೀಮೆಯಲ್ಲಿ ಮಂಟೇಸ್ವಾಮಿಯನ್ನೂ ಮಾದೇಶ್ವರನನ್ನೂ ಹಾಡುವ ನೀಲಗಾರರು, ದೇವರಗುಡ್ಡರು ಜಗತ್ತಿನ ಹುಟ್ಟನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. ಅಲ್ಲಿ ಬ್ರಹ್ಮ, ವಿಷ್ಣು, ಶಿವರಿಗಿಂತ ಮೊದಲು ಆದಿಶಕ್ತಿ ಇದ್ದಾಳೆ. ಅವರು ಮೂವರೂ ಅವಳ ಮಕ್ಕಳು. ಓದಿದವರು ಹುಬ್ಬೇರಿಸಬಹುದು. ರಾತ್ರಿಯಿಡೀ ಕೂತು ಕೇಳುವ ಜನಕ್ಕೆ ಅದೇ ಮೊದಲು.

ವರಳಿಯ ಕಥೆ ನನಗೆ ಪರಶುರಾಮನ ಕಥೆಗಿಂತ ಇಷ್ಟವಾಗುವುದಕ್ಕೆ ಕಾರಣ ಬೇರೆ. ಪರಶುರಾಮನ ಕಥೆಯ ಮೊದಲರ್ಧ ಬಹಳ ಚೆನ್ನಾಗಿದೆ: ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನ ಕೊಟ್ಟ ಮೇಲೆ ಅವನಿಗೆ ನಿಲ್ಲಲು ತನ್ನದೆನ್ನುವ ಒಂದು ಗೇಣು ಜಾಗವಿಲ್ಲ. ವಲಸೆ ಬಂದವರಿಗೆಲ್ಲ ಈ ಸಂಕಟ ಗೊತ್ತು. ಆದರೆ ಆಮೇಲೆ ಕೊಡಲಿ ಬೀಸಿದ, ಕಡಲು ಹೆದರಿ ಹಿಂದೆ ಸರಿಯಿತು. ಕಡಲಿಗೆ ಅಲ್ಲಿ ಮಾತೇ ಇಲ್ಲ. ವರಳಿಯಲ್ಲಿ ಮೊದಲು ಮಾತಾಡಿದ್ದು ನೀರಿನಡಿಯಲ್ಲಿದ್ದವಳು. ನನ್ನ ಪಾಲು ಕೊಡು, ನಿನ್ನದು ನಿಲ್ಲುತ್ತದೆ ಎಂಬ ಕರಾರು ಆಯಿತು. ಕೇಳದೆ ತಕ್ಕೊಂಡ ನೆಲಕ್ಕೂ, ಕೇಳಿ ಪಡೆದ ನೆಲಕ್ಕೂ ನಡುವಿನ ಅಂತರವನ್ನು ಸೃಷ್ಟಿಕಥೆಯಲ್ಲದೆ ಬೇರೆ ಯಾವ ಕಥೆ ಮಗುವಿಗೆ ಹೇಳೀತು?

ಬೇರೆ ಜನ ಹೇಗೆ ಹೇಳಿದ್ದಾರೆ ಎಂದು ನೋಡುತ್ತಾ ಹೋದಾಗ ಒಂದು ವಿಷಯ ಗಟ್ಟಿಯಾಯಿತು. ಜಗತ್ತನ್ನು ಯಾರೂ ದೂರದ ಸಾಮಾನಿನಿಂದ ಕಟ್ಟಿಲ್ಲ. ಎರಡು ಮಹಾನದಿಗಳು ಕಡಲು ಸೇರುವ ಬಯಲಿನ ಬಾಬಿಲೋನಿನವರು ಸಿಹಿನೀರು ಮತ್ತು ಉಪ್ಪುನೀರು ಬೆರೆತಿದ್ದ ಹೊತ್ತಿನಿಂದ ಶುರುಮಾಡಿದರು. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವರು ಮೇಲಿನಿಂದ ಇಳಿಯುವಾಗ ಜತೆಗೆ ತಂದದ್ದು ಸ್ವಲ್ಪ ಮರಳು, ಒಂದು ಕೋಳಿ. ಕೋಳಿ ಕೆದರಿದಷ್ಟು ದೂರ ನೆಲವಾಯಿತು. ಗ್ವಾಟೆಮಾಲಾದ ಕಿಚೆ ಮಾಯಾ ಜನರಲ್ಲಿ ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯರನ್ನು ಮಾಡಿದರು, ನೀರಿಗೆ ಕರಗಿಹೋದರು. ಮರದಿಂದ ಮಾಡಿದರು, ಅವರಿಗೆ ಹೃದಯವಿರಲಿಲ್ಲ, ಕೃತಜ್ಞತೆಯಿರಲಿಲ್ಲ. ಕೊನೆಗೆ ಅವರ ಮನೆಯ ಮಡಕೆಗಳು, ಬೀಸುಕಲ್ಲುಗಳು, ನಾಯಿಗಳೇ ಅವರ ಮೇಲೆ ತಿರುಗಿಬಿದ್ದವು. ಕೊನೆಗೆ ನಿಂತವರು ಜೋಳದ ಹಿಟ್ಟಿನಿಂದ ಮಾಡಿದವರು, ಅಂದರೆ ಆ ಜನ ದಿನವೂ ತಿನ್ನುವ ಮೆಕ್ಕೆಜೋಳದಿಂದ. ಮಕ್ಕಳಿಗೆ ಇದನ್ನು ಹೇಳಿದಾಗ ಬೀಸುಕಲ್ಲು ಎದ್ದು ಬಂದು ‘ದಿನಾ ನನ್ನ ಮುಖ ಉಜ್ಜಿದೆಯಲ್ಲ, ಈಗ ನಿನ್ನ ಸರದಿ’ ಎನ್ನುವ ಜಾಗದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

ನಮ್ಮ ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ ಮಾತ್ರ ಇದ್ದದ್ದೂ ಇರಲಿಲ್ಲ, ಇಲ್ಲದ್ದೂ ಇರಲಿಲ್ಲ ಎನ್ನುವಲ್ಲಿಂದ ಹೊರಡುತ್ತದೆ. ಕೊನೆಯಲ್ಲಿ ಇದೆಲ್ಲ ಎಲ್ಲಿಂದ ಬಂತೆಂದು ಮೇಲಿನಿಂದ ನೋಡುವವನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲವೇನೋ ಎಂದು ನಿಲ್ಲಿಸುತ್ತದೆ. ಆ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಏನೂ ಇಲ್ಲದಲ್ಲಿಂದ ಶುರುಮಾಡಿದ ಕಥೆಯನ್ನು ಏಳು ವರ್ಷದ ಮಗು ಮುಟ್ಟಿ ನೋಡಲಾರದು. ಆ ಸೂಕ್ತದಲ್ಲೂ ಸ್ವಲ್ಪ ಹೊತ್ತಿಗೆಲ್ಲ ಕತ್ತಲೆ ಬರುತ್ತದೆ, ನೀರು ಬರುತ್ತದೆ, ಬಯಕೆ ಬರುತ್ತದೆ. ಕಥೆ ಹೊರಡುವುದು ಬಯಕೆಯಿಂದ.

ಹಾಗಾದರೆ ಮುಂಬಯಿಯಲ್ಲಿ ಕೈಗೆಟಕುವುದು ಏನು? ನಮ್ಮ ಮನೆಯಿಂದ ಸ್ವಲ್ಪ ದೂರಕ್ಕೇ ಗಿಲ್ಬರ್ಟ್ ಹಿಲ್ ಇದೆ. ಸುಮಾರು 200 ಅಡಿ ಎತ್ತರದ ಕಪ್ಪು ಬಂಡೆ. ಬದಿಯಿಂದ ನೋಡಿದರೆ ಬಂಡೆ ಒಂದೇ ಅಲ್ಲ, ನೆಟ್ಟಗೆ ನಿಂತ ಕಂಬಗಳ ಗೊಂಚಲು. ಒಂದೊಂದು ಕಂಬಕ್ಕೂ ಚಪ್ಪಟೆ ಮುಖಗಳು, ನಡುವೆ ಕೂದಲೆಳೆ ಬಿರುಕು, ಬಿರುಕಿನಲ್ಲಿ ಹುಲ್ಲು. ಕರಗಿದ ಕಲ್ಲು ಆರುತ್ತಾ ಕುಗ್ಗಿದಾಗ ಹೀಗೆ ಕಂಬ ಕಂಬವಾಗಿ ಸೀಳುತ್ತದೆ. ಸುತ್ತ ಚಾಳುಗಳು, ಬಹುಮಹಡಿ ಕಟ್ಟಡಗಳು ಒತ್ತಿಕೊಂಡು ಬಂದಿವೆ. ಮೆಟ್ಟಿಲು ಹತ್ತಿದರೆ ಮೇಲೆ ಗಾಂವದೇವಿಯ ಗುಡಿ. ಈ ಕಲ್ಲಿಗೆ ಆರು ಕೋಟಿ ವರ್ಷಕ್ಕೂ ಹೆಚ್ಚು. ಆಗ ನೆಲದೊಳಗಿನಿಂದ ಲಾವಾ ಉಕ್ಕಿ ಪದರದ ಮೇಲೆ ಪದರವಾಗಿ ಹರಿದು ದಖನ್ನಿನ ಕಲ್ಲಾಯಿತು. ಸವೆದು ಸವೆದು ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್.

ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬಳು ಕಂಬದ ಮೇಲೆ ಅಂಗೈಯಿಟ್ಟು ‘ಬಿಸಿ ಇದೆ’ ಅಂದಳು. ಏಪ್ರಿಲ್ ತಿಂಗಳ ಬಿಸಿಲಿನ ಬಿಸಿ ಅದು. ಆದರೂ ನಾನು ತಿದ್ದಲಿಲ್ಲ.

ಇನ್ನೊಂದು ವಸ್ತು ನನಗೆ ಸಿಕ್ಕಿದ್ದು ಓದಿನಲ್ಲಿ. ಸಿಕ್ಕಿದ ದಿನ ಖುಷಿಯಿಂದ ನಿದ್ದೆ ಬರಲಿಲ್ಲ. ಲಾವಾ ಒಂದೇ ಸಲ ಉಕ್ಕಿ ಮುಗಿದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಗಳಾದವು, ಕೆರೆಗಳಲ್ಲಿ ಜೀವ ಬಂತು. ವರಳಿ ಗುಡ್ಡದಲ್ಲಿ ಎರಡು ಬೆಂಕಿಗಳ ನಡುವಿನ ಆ ಕೆಸರು ಕಲ್ಲಾಗಿ ಉಳಿದಿತ್ತು. ಅದರೊಳಗೆ ಸಿಕ್ಕಿದ್ದು ಪುಟ್ಟ ಪುಟ್ಟ ಕಪ್ಪೆಗಳ ಅಸ್ಥಿಗಳು. 1847ರಲ್ಲಿ ಲಂಡನ್ನಿನ ರಿಚರ್ಡ್ ಓವನ್, ಅದಕ್ಕೂ ಐದು ವರ್ಷ ಮೊದಲು ಡೈನೋಸಾರ್ ಎಂಬ ಹೆಸರನ್ನೇ ಕೊಟ್ಟವರು, ಅವುಗಳನ್ನು ವಿವರಿಸಿ ಬರೆದರು. ಈಗ ಅವಕ್ಕೆ ಇಂಡೋಬಟ್ರಾಕಸ್ ಎನ್ನುತ್ತಾರೆ. ಹಿಂದೆ ಬೆಂಕಿ, ಮುಂದೆ ಬೆಂಕಿ, ನಡುವಿನ ಒಂದಿಷ್ಟು ನೀರಿನಲ್ಲಿ ಕೂತು ಕೂಗಿದ ಕಪ್ಪೆ! ಮುಂಬಯಿಯ ಸೃಷ್ಟಿಕಥೆಯಲ್ಲಿ ಇದಕ್ಕೆ ಜಾಗವಿಲ್ಲದಿದ್ದರೆ ಮತ್ತೆ ಯಾರಿಗಿದೆ?

ಕಪ್ಪೆಗಳಿಗೆ ನಮ್ಮಲ್ಲಿ ಮರ್ಯಾದೆ ಹೊಸದಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೇ ಒಂದು ಇಡೀ ಸೂಕ್ತವಿದೆ. ಮಳೆ ಬಿದ್ದೊಡನೆ ಒಂದು ಕಪ್ಪೆಯ ಮಾತನ್ನು ಇನ್ನೊಂದು, ಗುರುವಿನ ಮಾತನ್ನು ಶಿಷ್ಯ ಹೇಳುವಂತೆ, ತಿರುಗಿ ಹೇಳುತ್ತದೆ ಎಂದು ಅಲ್ಲಿ ವರ್ಣನೆ. ಕಲಿಯುವುದೆಂದರೆ ಇನ್ನೊಬ್ಬರ ಸದ್ದನ್ನು ತನ್ನ ಬಾಯಿಗೆ ತಂದುಕೊಳ್ಳುವುದು. ನನ್ನ ಕಥೆಗೆ ಬೀಜ ಬಿದ್ದದ್ದು ಇಲ್ಲಿ. ಈಗ ಕಥೆಯನ್ನೇ ಹೇಳಿಬಿಡುತ್ತೇನೆ.

ಮೊದಲಿಗೆ ಕಡಲು. ಕಡಲಿನ ಮೇಲೆ ತೆರೆ. ತೆರೆ ಏಳುತ್ತಿತ್ತು, ಹೋಗುತ್ತಿತ್ತು, ಹೋಗುತ್ತಲೇ ಇತ್ತು. ತಾಗಲು ಏನೂ ಇರಲಿಲ್ಲ, ಒಡೆಯಲು ಏನೂ ಇರಲಿಲ್ಲ. ಒಡೆಯದ ತೆರೆಗೆ ಸದ್ದಿಲ್ಲ. ಮೀನುಗಳಿದ್ದವು, ಅವಕ್ಕೆ ಸದ್ದಿನ ಸುದ್ದಿಯೇ ಗೊತ್ತಿರಲಿಲ್ಲ, ಇವತ್ತಿಗೂ ಅವು ಆ ಮೊದಲಿನ ಕಾಲದಲ್ಲೇ ಬದುಕುತ್ತಿವೆ. ಕಡಲಿಗೆ ಒಂದು ಆಸೆ ಬಂತು. ನಾನು ಇದ್ದೇನಲ್ಲ, ನನ್ನ ದನಿ ಹೇಗಿದೆ? ಒಂದು ಸಲ ಕೇಳಬೇಕು.

ಕಡಲಿನ ಕೆಳಗೆ ಅವಳ ಅಕ್ಕ ಮಲಗಿದ್ದಳು, ಬೆಂಕಿ. ಕಡಲು ಕೆಳಗೆ ಬಗ್ಗಿ ಕೇಳಿದಳು: ‘ಅಕ್ಕಾ, ನನಗೊಂದು ಗಟ್ಟಿ ವಸ್ತು ಕೊಡು. ಅದಕ್ಕೆ ಬಡಿದು ನನ್ನ ದನಿ ನಾನು ಕೇಳುತ್ತೇನೆ.’

‘ನನ್ನಲ್ಲಿ ಗಟ್ಟಿ ಇರುವುದು ನನ್ನ ಎಲುಬು ಒಂದೇ.’

‘ಅದನ್ನೇ ಕೊಡು.’

‘ಕೊಡುತ್ತೇನೆ. ದಾನ ಅಲ್ಲ, ಸಾಲ. ತೀರಿಸಬೇಕು.’

‘ತೀರಿಸುತ್ತೇನೆ. ಬಡಿದಷ್ಟು ಸಲ ಒಂದೊಂದು ಚಿಟಿಕೆ ಪುಡಿ ಮಾಡಿ ನಿನ್ನ ಕಡೆ ಕಳಿಸುತ್ತೇನೆ.’

ಸಾಲವೆಂದ ಮೇಲೆ ಜಾಮೀನು ಬೇಕು. ಇಬ್ಬರಿಗೂ ಒಬ್ಬ ತಮ್ಮನಿದ್ದ, ಚಂದ್ರ. ಅವನನ್ನು ನಡುವೆ ನಿಲ್ಲಿಸಿದರು. ಅಂದಿನಿಂದ ಅವನು ತಿಂಗಳಿಗೆ ಎರಡು ಸಲ ಲೆಕ್ಕ ನೋಡುತ್ತಾನೆ. ಹುಣ್ಣಿಮೆಗೆ ಕಡಲಕ್ಕನ ಕಡೆ ಮುಖ, ಅಮಾವಾಸ್ಯೆಗೆ ಬೆಂಕಿಯಕ್ಕನ ಕಡೆ ಮುಖ. ಆ ಎರಡು ದಿನ ಉಬ್ಬರ ಜೋರು, ಕಡಲು ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾಳೆ.

ಬೆಂಕಿ ತನ್ನ ಎಲುಬನ್ನು ಮೇಲಕ್ಕೆ ಚಾಚಿದಳು. ಕಪ್ಪಗೆ, ಕಂಬ ಕಂಬವಾಗಿ ಬಂತು. ಅದೆಷ್ಟೋ ಕಾಲದಿಂದ ಹೋಗುತ್ತಲೇ ಇದ್ದ ತೆರೆ ಅದಕ್ಕೆ ತಾಗಿತು, ಒಡೆಯಿತು. ಮೊದಲ ಸದ್ದು ಆಯಿತು. ಕಡಲು ಕೇಳಿದಳು. ಆ ಸದ್ದು ಎಷ್ಟು ದೊಡ್ಡದೆಂದರೆ ಒಂದೇ ಕಿವಿಗೆ ಹಿಡಿಸದೆ ಚೂರು ಚೂರಾಗಿ ಚೆಲ್ಲಿತು. ಒಂದು ಚೂರು ಗಾಳಿಗೆ, ಒಂದು ಗುಡುಗಿಗೆ, ಒಂದು ಕಾಗೆಗೆ, ಒಂದು ನಾಯಿಗೆ. ಎಲುಬು ಚಾಚಿದ ಬೆಂಕಿ ಸ್ವಲ್ಪ ವಿಶ್ರಾಂತಿಗೆಂದು ಕೂತ ಹೊತ್ತಿನಲ್ಲಿ ಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತಿತ್ತು; ಅಲ್ಲಿ ಕಪ್ಪೆ ಕೂತಿತ್ತು. ಕಪ್ಪೆಗೆ ಚೂರು ಸಿಗಲಿಲ್ಲ. ಆದರೆ ಅದು ಕೇಳಿದ್ದನ್ನು ತಿರುಗಿ ಹೇಳಿತು. ತಪ್ಪಿತು, ಮತ್ತೆ ಹೇಳಿತು.

ಮನುಷ್ಯರು ಬಂದದ್ದು ಎಲ್ಲ ಮುಗಿದ ಮೇಲೆ. ಅವರ ಪಾಲಿಗೆ ಉಳಿದದ್ದು ಒಂದು ತೆರೆಗೂ ಇನ್ನೊಂದು ತೆರೆಗೂ ನಡುವಿನ ಸದ್ದಿಲ್ಲದ ಹೊತ್ತು ಮಾತ್ರ. ಗುಳಿಯ ಅಂಚಿನಲ್ಲಿ ಕೂತು ಅತ್ತರು. ಅಳು ಕಡಲು ಕೊಟ್ಟ ಮುಂಗಡ, ಅದಕ್ಕೇ ಕಣ್ಣೀರು ಉಪ್ಪು. ಕಪ್ಪೆ ಹೇಳಿತು: ‘ನನ್ನ ಬಾಯಲ್ಲಿರುವುದೂ ನನ್ನದಲ್ಲ. ಕೇಳಿಸಿಕೊಂಡೆ, ಹೇಳಿದೆ. ನೀವೂ ಕೇಳಿಸಿಕೊಳ್ಳಿ.’ ಮನುಷ್ಯರು ಮನೆಮನೆಗೆ ಹೊರಟರು. ಗಾಳಿಯಿಂದ ಒಂದಿಷ್ಟು, ಗುಡುಗಿನಿಂದ ಒಂದಿಷ್ಟು, ಹಕ್ಕಿಯಿಂದ ಒಂದಿಷ್ಟು, ಒಬ್ಬರಿಂದ ಒಬ್ಬರು ಒಂದಿಷ್ಟು ಸಾಲ ತಂದರು. ಅದಕ್ಕೇ ಕರು ಹುಟ್ಟಿದ ಗಳಿಗೆಗೇ ಅಂಬಾ ಎನ್ನುತ್ತದೆ, ಮನುಷ್ಯನ ಮಗುವಿಗೆ ಎಲ್ಲ ಮಾತನ್ನೂ ಯಾರಾದರೂ ಕೊಡಬೇಕು.

ಸದ್ದು ಸಾಲ ತಂದವರಿಗೆ ನೆಲವೂ ಸಾಲಲಿಲ್ಲ. ಕಡಲಿನ ಹತ್ತಿರ ಹೋಗಿ ‘ಸ್ವಲ್ಪ ಸರಿಯಮ್ಮಾ’ ಎಂದರು. ತಾನೂ ಒಂದು ಕಾಲದಲ್ಲಿ ಕೈಯೊಡ್ಡಿದವಳು, ಕಡಲು ಇಲ್ಲವೆನ್ನಲಿಲ್ಲ. ಎಷ್ಟು ಸರಿದೆನೆಂದು ಗುರುತು ಹಾಕಿಕೊಂಡಳು. ಆ ಗುರುತನ್ನು ನೋಡಲು ಆಗಾಗ ಬರುತ್ತಾಳೆ.

ಕಥೆ ಇಷ್ಟು. ಮರಳು ಎಂದರೆ ತೀರಿದ ಕಂತು ಎಂದು ಕಥೆಯಲ್ಲಿ ನೇರ ಹೇಳಿಲ್ಲ. ಮಕ್ಕಳು ತಾವೇ ಕಂಡುಕೊಂಡರು. ಜುಹೂ ಬೀಚಿನ ಮರಳು ಕೈಯಲ್ಲಿ ಹಿಡಿದು ಒಬ್ಬ ‘ಇದು ರಿಟರ್ನ್ ಹೋಗ್ತಾ ಇರೋದಾ?’ ಎಂದು ಕೇಳಿದ. ಹೌದು ಎಂದೆ. ಕಾಂಕ್ರೀಟಿಗಾಗಿ ರಾತ್ರೋರಾತ್ರಿ ಖಾಡಿಗಳಿಂದ, ಅಂದರೆ ಕಡಲು ಒಳಚಾಚಿದ ಅಳಿವೆಗಳಿಂದ, ಮರಳು ಎತ್ತುವ ದೋಣಿಗಳ ಬಗ್ಗೆ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಈಗ ಅದು ದಾರಿಯಲ್ಲಿ ಅಡ್ಡಹಾಕಿ ಕಂತು ಕದ್ದ ಹಾಗೇ ಕಾಣುತ್ತದೆ.

ಒಂದು ಪ್ರಶ್ನೆಗೆ ನಾನು ಬಹಳ ಹೊತ್ತು ನಿಂತೆ. ‘ಆಂಟಿ, ಮತ್ಲಬ್ ನನ್ನ ಫಸ್ಟ್ ಸೌಂಡ್ ಯಾರದ್ದು? ಯಾರು ಕೊಟ್ಟದ್ದು?’ ಎಂದು ಒಬ್ಬಳು ಕೇಳಿದಳು. ಅವಳ ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮರಾಠಿ, ಭಾನುವಾರ ನನ್ನ ಹತ್ತಿರ ಕನ್ನಡ. ತೊಟ್ಟಿಲಿಗೆ ಹಾಕುವ ದಿನ ನಿನ್ನ ಅತ್ತೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ್ದರಲ್ಲ, ಅದು ನಿನ್ನ ಮೊದಲ ಸಾಲ ಎಂದೆ. ಅವಳು ಕಿವಿ ಮುಟ್ಟಿ ನೋಡಿಕೊಂಡಳು. ಈ ಮಕ್ಕಳು ‘ನಮ್ಮ ಕನ್ನಡ ಸರಿಯಿಲ್ಲ’ ಎಂದು ನಾಚಿಕೊಳ್ಳುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ನನ್ನ ಅಪ್ಪನ ಮರಾಠಿ ಗಿರಾಕಿಗಳಿಂದ ಬಂದದ್ದು, ಹಿಂದಿ ಟ್ಯಾಕ್ಸಿಯವರಿಂದ. ಅವರ ಬಾಯಲ್ಲಿ ಎಲ್ಲವೂ ತುಳುವಿನ ರಾಗದಲ್ಲಿತ್ತು. ಯಾರ ಮಾತೂ ಸ್ವಂತದ್ದಲ್ಲ, ಎಲ್ಲರದ್ದೂ ಇನ್ನೊಬ್ಬರ ಬಾಯಿಂದ ಬಂದದ್ದು ಎಂದು ಜಗತ್ತಿನ ಬುಡದಲ್ಲೇ ಬರೆದಿಟ್ಟರೆ ಈ ನಾಚಿಕೆಗೆ ಜಾಗವೆಲ್ಲಿ?

ಕಥೆ ಕಟ್ಟುವಾಗ ಅತಿ ಕಷ್ಟವಾದದ್ದು ಕೊನೆಯ ಭಾಗ. 2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಜತೆಗೆ ಉಬ್ಬರ. ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಈ ಊರಿನ ಕಡಲಿನ ಕಥೆ ಹೇಳುವವರು ಆ ದಿನವನ್ನು ದಾಟಿ ಹೋಗುವಂತಿಲ್ಲ. ಸಾಲ, ಗುರುತು, ಲೆಕ್ಕ ಎಂದೆಲ್ಲ ಹೇಳಿದ ಮೇಲೆ ಕೇಳುವವರ ಮನಸ್ಸು ತಾನಾಗಿ ಒಂದು ಕಡೆ ಜಾರುತ್ತದೆ: ಓಹೋ, ಕಡಲು ಸಿಟ್ಟಾಗಿ ಶಿಕ್ಷೆ ಕೊಟ್ಟಳು. ಹಳೆಯ ಕಥೆಗಳು ಇದನ್ನು ಮಾಡಿವೆ. ಮೆಸೊಪೊಟೇಮಿಯಾದ ಒಂದು ಕಥೆಯಲ್ಲಿ ಮನುಷ್ಯರ ಗದ್ದಲಕ್ಕೆ ದೇವರಿಗೆ ನಿದ್ದೆ ಬರದೆ ಪ್ರಳಯವನ್ನೇ ಕಳಿಸುತ್ತಾನೆ.

ನಾನು ಇದನ್ನು ಒಪ್ಪಲಾರೆ. ಅವತ್ತು ಮುಳುಗಿದವರು ಕಡಲನ್ನು ತುಂಬಿಸಿದವರಲ್ಲ. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಮಣ್ಣಿನಡಿಯಾದವರು, ಕಾರಿನ ಗಾಜು ಇಳಿಯದೆ ಉಸಿರುಗಟ್ಟಿದವರು, ಮೀಠಿ ನದಿಯ ಅಂಚಿನ ಜೋಪಡಿಗಳವರು. ಮೀಠಿಯ ಪಾತ್ರವನ್ನು ಒತ್ತಿದ್ದು, ಖಾಡಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಕಡಿದು ಮಣ್ಣು ಸುರಿದದ್ದು, ನೀರು ಹೊರಹೋಗುವ ದಾರಿ ಮುಚ್ಚಿದ್ದು ಅವರಲ್ಲ. ಅವರ ಸಾವನ್ನು ದೈವದ ಲೆಕ್ಕಕ್ಕೆ ಬರೆಯುವ ಕಥೆ ಎಷ್ಟು ಚೆಂದವಿದ್ದರೂ ನನಗೆ ಬೇಡ. ಆದ್ದರಿಂದ ನನ್ನ ಕಡಲಿಗೆ ಸಿಟ್ಟಿಲ್ಲ. ಅವಳು ತನ್ನ ಗುರುತು ನೋಡಲು ಬರುತ್ತಾಳೆ, ಬರುವ ದಿನ ಮೊದಲೇ ತಿಳಿಸುತ್ತಾಳೆ. ಪ್ರತಿ ಮಳೆಗಾಲಕ್ಕೆ ಮೊದಲು ಮಹಾನಗರಪಾಲಿಕೆ 4.5 ಮೀಟರ್ ಮೀರುವ ಉಬ್ಬರಗಳ ದಿನ, ಗಂಟೆ ಎಲ್ಲ ಪ್ರಕಟಿಸುತ್ತದಲ್ಲವೇ? ಬರುವ ಅತಿಥಿಯ ದಾರಿಯಲ್ಲಿ ಬಡವರನ್ನು ಕೂರಿಸಿದವರು ಯಾರು ಎಂಬ ಪ್ರಶ್ನೆ ಮನುಷ್ಯರ ನಡುವೆಯೇ ಉಳಿಯಬೇಕು. ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಕೇಳಲಿ.

ಮರೀನ್ ಡ್ರೈವಿನಲ್ಲಿ ದೊಡ್ಡ ಉಬ್ಬರದ ಮರುದಿನ ನೋಡಿ. ಕಡಲು ರಸ್ತೆಗೆ ಎಸೆದು ಹೋದದ್ದರಲ್ಲಿ ಕಲ್ಲಿಲ್ಲ, ಮರಳೂ ಹೆಚ್ಚಿಲ್ಲ. ಚಪ್ಪಲಿ, ಬಾಟಲಿ, ಹಾಲಿನ ತೊಟ್ಟೆ, ಥರ್ಮಾಕೋಲ್. ಅಕ್ಕನಿಗೆ ಸೇರಬೇಕಾದ್ದನ್ನು ಇಟ್ಟುಕೊಂಡು, ಸಾಲದ ಲೆಕ್ಕಕ್ಕೆ ಬಾರದ್ದನ್ನೆಲ್ಲ ಹಿಂದೆ ಕೊಟ್ಟಿದ್ದಾಳೆ.

ಬಡ್ಡಿ ಕಟ್ಟುವವರೂ ಇದ್ದಾರೆ. ಶ್ರಾವಣದ ಹುಣ್ಣಿಮೆಗೆ ಇಲ್ಲಿನ ಕೋಲಿ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಆಮೇಲೆ ದೋಣಿ ಇಳಿಸುತ್ತಾರೆ. ಅದೇ ನೂಲ ಹುಣ್ಣಿಮೆಯ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮೊಗವೀರರು ಹಾಲು, ಹೂ, ಕಾಯಿ ಕೊಟ್ಟು ಸಮುದ್ರ ಪೂಜೆ ಮಾಡುತ್ತಾರೆ. ಮೊಗವೀರರು ಈ ಊರಿಗೆ ಬಂದು 1902ರಷ್ಟು ಹಿಂದೆಯೇ ತಮ್ಮ ಮಂಡಳಿ ಕಟ್ಟಿಕೊಂಡವರು. ಎರಡು ದಡದವರಿಗೂ ಕಡಲಿನ ಹತ್ತಿರ ಕೈಬೀಸಿಕೊಂಡು ಹೋಗಬಾರದೆಂದು ಗೊತ್ತು. ಕೋಸ್ಟಲ್ ರೋಡಿನ ಸೇತುವೆಯ ಕಂಬಗಳ ನಡುವೆ ದೋಣಿ ಹೋಗಲು ಜಾಗ ಸಾಲದೆಂದು ವರಳಿಯ ಮೀನುಗಾರರು ಪಟ್ಟುಹಿಡಿದು ಕೂತಾಗ, ಕಡಲಿನ ಪರವಾಗಿ ಮಾತಾಡಲು ಇನ್ನೂ ಯಾರೋ ಇದ್ದಾರಲ್ಲ ಎಂದು ನನಗೆ ಧೈರ್ಯ ಬಂದಿತ್ತು.

ಡೊಂಬಿವಿಲಿಯಲ್ಲಿರುವ ನನ್ನ ಅತ್ತಿಗೆ ವಿಜಾಪುರದ ಕಡೆಯವರು. ಕಥೆಯನ್ನು ಅವರಿಗೆ ಓದಿ ಹೇಳಿದೆ. ಶೇಂಗಾ ಬಿಡಿಸುತ್ತಾ ಪೂರ್ತಿ ಕೇಳಿದರು. ‘ಅಲ್ಲವ್ವಾ, ಛಲೋ ಐತಿ. ಆದ್ರ ಬರೇ ಸಮುದ್ರದ್ದಾತು. ನಮ್ಮ ಕಡೆ ತೆರಿ ಎಲ್ಲಿಂದ ತರೂಣು? ನಾವು ಹುಟ್ಟೇ ಇಲ್ಲೇನು ನಿನ್ನ ಕಥ್ಯಾಗ?’

ಈ ಮಾತು ನನ್ನನ್ನು ಮತ್ತೆ ಕಲ್ಲಿನ ಹತ್ತಿರ ಕಳಿಸಿತು. ಅವರ ಊರಿನ ಎರೆಮಣ್ಣು ಬೇರೆಲ್ಲಿಂದಲೋ ಬಂದದ್ದಲ್ಲ. ಗಿಲ್ಬರ್ಟ್ ಹಿಲ್ಲಿನ ಕಾಲದ ಅದೇ ದಖನ್ನಿನ ಕಪ್ಪುಕಲ್ಲು ಅಲ್ಲಿ ಗಾಳಿ ಮಳೆಗೆ ಸವೆದು ಎರೆಯಾಗಿದೆ. ವಿಜಾಪುರ, ಬೀದರ, ಕಲಬುರಗಿ, ಬೆಳಗಾವಿಯ ದೊಡ್ಡ ಭಾಗ ಕೂತಿರುವುದು ಆ ಕಲ್ಲಿನ ಮೇಲೆ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ, ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಅದನ್ನೇ ಅರೆದು ಹೊತ್ತು ಪೂರ್ವದ ಕಡಲಿಗೆ ಒಯ್ಯುತ್ತವೆ. ಅಂದರೆ ಅದೂ ಬೆಂಕಿಯಕ್ಕನ ಎಲುಬು, ಅದೂ ಕಂತು. ನಮ್ಮಲ್ಲಿ ತೆರೆ ತೀರಿಸುತ್ತದೆ, ಅವರಲ್ಲಿ ಮಳೆ ತೀರಿಸುತ್ತದೆ. ತೀರುವ ದಾರಿಯಲ್ಲಿ ಸ್ವಲ್ಪ ಕಾಲ ಹೊಲದಲ್ಲಿ ತಂಗುತ್ತದೆ, ತಂಗಿದ ಹೊತ್ತಿನಲ್ಲಿ ಬಿಳಿಜೋಳವಾಗುತ್ತದೆ.

ಅತ್ತಿಗೆಗೆ ಹೇಳಿದೆ. ಶೇಂಗಾ ಪಕ್ಕಕ್ಕಿಟ್ಟರು. ‘ಹಂಗಾರ ಬ್ಯಾಸಗ್ಯಾಗ ಎರಿ ಬಾಯಿ ಬಿಡೂದು ಯಾಕಂತ ನಾ ಹೇಳ್ತೀನಿ ಕೇಳು. ಅಕೀಗೆ ತೆರಿ ಸಪ್ಪಳ ಕೇಳೇ ಇಲ್ಲ. ಸಾಲ ತಗೊಂಡಿದ್ದು ಆ ಸಪ್ಪಳಕ್ಕಂತ ಸುದ್ದಿ ಅಷ್ಟ ಗೊತ್ತು. ಅದಕ್ಕ ಬಾಯಿ ತಕ್ಕೊಂಡು ಕೇಳತಾಳ, ಬಂತೇನು, ಬಂತೇನು ಅಂತ. ಮ್ಯಾಲಿಂದ ಗುಡುಗು ಬಂದ ಕೂಡ್ಲೇ ಮುಚ್ಚತಾಳ.’ ಆಮೇಲೆ ಸ್ವಲ್ಪ ತಡೆದು, ‘ನಿಮ್ಮವ್ರು ಹುಣ್ಣಿಮಿಗೆ ಸಮುದ್ರಕ್ಕ ಕಾಯಿ ಕೊಡ್ತಾರಂದೆಲ್ಲ, ನಾವು ಎಳ್ಳಮಾಸಿಗೆ ಹೊಲಕ್ಕ ಚರಗ ಚೆಲ್ಲತೀವಿ’ ಅಂದರು.

ನಾನು ಪೆನ್ನು ಹಿಡಿದವಳು ಹಾಗೇ ಕೂತೆ. ಸಜ್ಜೆ ಕಡಬು, ಶೇಂಗಾ ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ತಿನ್ನುವ ಮೊದಲು ನಾಲ್ಕೂ ದಿಕ್ಕಿಗೆ ಎರೆಗೆ ಉಣಿಸುವ ಹಬ್ಬ. ಅದು ಅಮಾವಾಸ್ಯೆಗೆ. ನನ್ನ ಕಥೆಯಲ್ಲಿ ಚಂದ್ರ ಬೆಂಕಿಯಕ್ಕನ ಕಡೆ ಮುಖ ಮಾಡುವ ದಿನ. ಚಂದ್ರನನ್ನು ಜಾಮೀನು ನಿಲ್ಲಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಉಬ್ಬರ ಇಳಿತ ಮಾತ್ರ. ಎಳ್ಳಮಾವಾಸ್ಯೆಯ ನೆನಪೇ ಇರಲಿಲ್ಲ. ಕಡಲಿನವರು ಹುಣ್ಣಿಮೆಗೆ, ಎರೆಯವರು ಅಮಾವಾಸ್ಯೆಗೆ, ತಮ್ಮ ತಮ್ಮ ಅಕ್ಕನಿಗೆ ತಮ್ಮ ತಮ್ಮ ಪಾಲು ಕೊಡುತ್ತಲೇ ಬಂದಿದ್ದಾರೆ.

ಇನ್ನು ನಮ್ಮೂರಿನ ಕೆಂಪು ಮುರಕಲ್ಲಿನ ಪಾಲು ಕಥೆಯಲ್ಲಿ ಎಲ್ಲಿ ಬರಬೇಕೆಂಬುದು ಬಾಕಿ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಹೀಗೇ ಕಂಬಗಲ್ಲುಗಳಿವೆ, ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷದವು. ಬೆಂಕಿ ಅದಕ್ಕೂ ಮೊದಲೇ ಒಮ್ಮೆ ಕೈಚಾಚಿದ್ದಳು ಅನ್ನಬೇಕು. ಅದನ್ನು ಉಡುಪಿಯ ಕಡೆ ಕೂತು ಯಾರಾದರೂ ಕಟ್ಟಿದರೆ ಒಳ್ಳೆಯದು, ಅಲ್ಲಿನ ತೆರೆಯ ಸದ್ದು ದಿನವೂ ಕೇಳುವವರು. ಎರೆಯ ಭಾಗ ಅತ್ತಿಗೆಯದ್ದು. ಮುಂದಿನ ಭಾನುವಾರ ಅವರು ಡೊಂಬಿವಿಲಿಯಿಂದ ಬರುತ್ತಾರೆ. ಮಕ್ಕಳಿಗೆ ಅದನ್ನು ಅವರದೇ ಮಾತಿನಲ್ಲಿ ಹೇಳುತ್ತಾರೆ, ಡಬ್ಬಿಯಲ್ಲಿ ಸಜ್ಜೆ ಕಡಬನ್ನೂ ತರುತ್ತೇನೆ ಎಂದಿದ್ದಾರೆ.